ಒರೆ ಹುಡುಕಿ ಹೊರಟ ಬಯೋನೆಟ್ಟು

ಅರಸೀಕೆರೆಯ ತೆಂಗಿನಕಾಯಿ ಮಂಡಿಯೊಂದರ ಹಿತ್ತಲು. ನಡುಮಧ್ಯಾಹ್ನದ ಬಿಸಿಲು. ಕಾಯಿಸಿಪ್ಪೆಯ ರಾಶಿಯ ಪಕ್ಕ, ಪಂಚೆ ಎತ್ತಿ ಕಟ್ಟಿ, ಕೆನ್ನೆಯನ್ನು ಹೆಚ್ಚುಕಮ್ಮಿ ನೆಲಕ್ಕೆ ತಾಗಿಸಿ ನಾನು ಮಲಗಿದ್ದೇನೆ. ಕೈಯಲ್ಲಿ ಭೂತಗನ್ನಡಿ. ಸುತ್ತ ಜನ ನೆರೆದಿದ್ದಾರೆ. ಏನಾಗಿತ್ತು, ಊಹಿಸಿ ನೋಡೋಣ?

ಉಂಗುರ ಬಿದ್ದುಹೋಗಿತ್ತೇ? ಇಲ್ಲ. ತಲೆ ತಿರುಗಿ ಬಿದ್ದಿದ್ದೆನೇ? ಅಲ್ಲಿದ್ದವರಲ್ಲಿ ಅರ್ಧ ಜನ ಹಾಗೇ ತಿಳಿದು ನೀರು ತರಿಸಿದ್ದರು. ಹಲ್ಲುಸೆಟ್ಟು ಹುಡುಕುತ್ತಿದ್ದೇನೆ ಅಂತ ಉಳಿದರ್ಧ ಜನ ತಾವೂ ಬಗ್ಗಿ ಸಿಪ್ಪೆ ಕೆದಕುತ್ತಿದ್ದರು. ನಾನು ಓದುತ್ತಿದ್ದೆ ಸ್ವಾಮಿ, ಬರೀ ಓದುತ್ತಿದ್ದೆ. ರೈಲ್ವೆ ಪಾರ್ಸೆಲ್ ಆಫೀಸಿನಿಂದ ನಿವೃತ್ತನಾಗಿ, ಹಳೇ ಬಂದೂಕುಗಳ ಮೂತಿಗೆ ಸಿಕ್ಕಿಸುವ ಚೂರಿ, ಅಂದರೆ ಬಯೋನೆಟ್ಟು, ಹುಡುಕುವ ಹುಚ್ಚು ಹತ್ತಿದ ಮೇಲೆ ನನಗೆ ಇಂಥದ್ದು ಆಗುತ್ತಲೇ ಇರುತ್ತದೆ. ನಾನು ಕರೆದದ್ದಕ್ಕೆ ಬರುವುದಲ್ಲ. ತಾನಾಗಿ ಬಂದು ಹೆಗಲ ಮೇಲೆ ಕೂರುತ್ತದೆ.

ಕಾಯಿ ಸುಲಿಯುವ ಕತ್ತಿ

ನಾನು ಓದುತ್ತಿದ್ದದ್ದು ಒಂದು ಕಬ್ಬಿಣವನ್ನು. ಕಾಯಿ ಸುಲಿಯುವವನು ಒಂದು ಮರದ ದಿಮ್ಮಿಗೆ ಅದರ ಹಿಡಿಯನ್ನು ಹುಗಿದು, ತುದಿ ಮೇಲೆ ಮಾಡಿ ನಿಲ್ಲಿಸಿಕೊಂಡಿದ್ದ. ಕಾಯಿಯನ್ನು ಅದರ ಮೇಲೆ ಕುಕ್ಕಿ ಒಮ್ಮೆ ತಿರುಚಿದರೆ ಸಿಪ್ಪೆ ಕಳಚಿ ಬೀಳುತ್ತಿತ್ತು. ಮಂಡಿಯಲ್ಲಿ ಇಂಥವು ಎಷ್ಟೋ ಇರುತ್ತವೆ. ಆದರೆ ಈ ಒಂದರ ಬುಡದಲ್ಲಿ ಕಿರೀಟದ ಮುದ್ರೆ ಇತ್ತು. ಒಂದು ಮೊಳಕ್ಕೆ ಬೆರಳಷ್ಟೇ ಕಮ್ಮಿ ಉದ್ದ, ನಡುವೆ ಉದ್ದಕ್ಕೂ ನೀಟಾದ ತಗ್ಗುಗೆರೆ. ಮೊದಲನೇ ಮಹಾಯುದ್ಧದ ಕಾಲದ್ದು, ಉದ್ದ ಕತ್ತರಿಸದೆ ಉಳಿದದ್ದು. ಆಮೇಲಾಮೇಲೆ ನಮ್ಮ ದೇಶದಲ್ಲಿ ಇವನ್ನೆಲ್ಲ ಮೋಟು ಮಾಡಿಬಿಟ್ಟರು. ಅದಕ್ಕೇ ನಾನು ಹಾಗೆ ನೆಲಕ್ಕೆ ಬಿದ್ದು ಓದಿದ್ದು.

ಮಾತುಕತೆ ಸಂಜೆಯವರೆಗೂ ನಡೆಯಿತು. ಕೊನೆಗೆ ಕಮ್ಮಾರನಿಂದ ಹೊಸ ಕತ್ತಿ ಮಾಡಿಸಿ ಕೊಟ್ಟು ಇದನ್ನು ಬಿಡಿಸಿಕೊಂಡೆ. ತೊಳೆದು, ಎಣ್ಣೆ ಒರೆಸಿ, ಮೇಜಿನ ಮೇಲಿಟ್ಟುಕೊಂಡು ನೋಡುತ್ತ ಕೂತೆ. ಎಲ್ಲ ಇತ್ತು, ಒರೆ ಒಂದಿರಲಿಲ್ಲ. ಒರೆಯಿಲ್ಲದ ಬಯೋನೆಟ್ಟು ನನಗೆ ಮುಚ್ಚಳವಿಲ್ಲದ ಪೆನ್ನಿನ ಹಾಗೆ. ಇಟ್ಟುಕೊಳ್ಳುವುದಕ್ಕೂ ಸಮಾಧಾನವಿಲ್ಲ, ಬಿಡುವುದಕ್ಕೂ ಮನಸ್ಸಿಲ್ಲ. ಇದಕ್ಕೆ ಸರಿಯಾದ ಒರೆ ಸಿಗುವ ತನಕ ಬೇರೆ ಯಾವುದನ್ನೂ ಕೊಳ್ಳುವುದಿಲ್ಲ ಅಂತ ಅವತ್ತೇ ಶಪಥ ಮಾಡಿದೆ.

ಮುಂದಿನ ವಾರ ಬಾಗಿಲು ತಟ್ಟಿದ ಸದ್ದಾಯಿತು. ಕಾಯಿ ಸುಲಿಯುವವನೇ ನಿಂತಿದ್ದ, ಹಿಂದೆ ಗಾಡಿ ತುಂಬ ಕಾಯಿ. "ಹೊಸ್ದು ಕೈಗೆ ಕೂರ್ತಿಲ್ಲ ಸ್ವಾಮಿ. ಮದುವೆ ಮನೆ ಆರ್ಡರ್ ಐತೆ. ನಿಮ್ ವಸ್ತು ನೀವೇ ಹಿಡ್ಕೊಂಡ್ ಕೂತ್ಕಳಿ, ನಾನು ಇಲ್ಲೇ ಸುಲ್ಕಂಡ್ ಹೋಯ್ತೀನಿ."

ಬಗ್ಗಿಸಿ ನೋಡುವ ಪದ್ಧತಿ

ಒರೆ ಸಿಗುವವರೆಗೆ ಕತ್ತಿಯ ಜಾತಕವನ್ನಾದರೂ ಓದೋಣ ಅಂತ ಕೂತೆ. ಮನೆಗೆ ಬಂದವರೆಲ್ಲ 1907 ಅನ್ನುವ ಮುದ್ರೆ ನೋಡಿ, "ಓಹೋ, ಆ ವರ್ಷ ಮಾಡಿದ್ದು" ಅನ್ನುವರು. ಅದಲ್ಲ. ಈ ನಮೂನೆಗೆ ಒಪ್ಪಿಗೆ ಸಿಕ್ಕ ವರ್ಷ ಅದು. ತಯಾರಾದ ತಿಂಗಳು, ವರ್ಷ ಅದರ ಕೆಳಗೆ ಸಣ್ಣದಾಗಿ ಇರುತ್ತದೆ. ನಡುವಿನ ತಗ್ಗುಗೆರೆ ನೋಡಿ ಎಲ್ಲರೂ ರಕ್ತ ಹರಿಯಲಿಕ್ಕೆ ಅನ್ನುತ್ತಾರೆ. ಅದೂ ಅಲ್ಲ, ತೂಕ ಇಳಿಸಲಿಕ್ಕೆ. ಇದನ್ನೆಲ್ಲ ನಾನು ಅತಿಥಿಗಳಿಗೆ ವಿವರಿಸಿ ವಿವರಿಸಿ, ಅತಿಥಿಗಳು ಬರುವುದು ಕಮ್ಮಿಯಾಯಿತು. ಉಳಿದವರು ನಮ್ಮಾಕೆ ಒಬ್ಬರೇ.

ಒಂದು ದಿನ ಅವರೇ ಬಂದು, ಇದೇನು ಇಲ್ಲಿ ಗುಣಾಕಾರದ ಗುರುತು ಅಂತ ಕೇಳಿದರು. ನನಗೆ ಹಬ್ಬ. ಕತ್ತಿಯನ್ನು ಕಾರ್ಖಾನೆಯಲ್ಲಿ ಬಲವಾಗಿ ಬಗ್ಗಿಸುತ್ತಾರೆ, ಮುರಿಯದೆ, ಸೊಟ್ಟಗಾಗದೆ ಮತ್ತೆ ನೆಟ್ಟಗೆ ನಿಂತರೆ ಮಾತ್ರ ಈ ಗುರುತು ಒತ್ತಿ ಹೊರಗೆ ಕಳಿಸುತ್ತಾರೆ ಅಂತ ಹೇಳಿದೆ.

ಅವರು ಸ್ವಲ್ಪ ಹೊತ್ತು ಕತ್ತಿ ನೋಡಿದರು, ಆಮೇಲೆ ನನ್ನನ್ನು ನೋಡಿದರು. "ಒಳ್ಳೇ ಪದ್ಧತಿ ಕಣ್ರೀ. ನಮ್ಮಪ್ಪನಿಗೆ ಯಾರೂ ಹೇಳಿಕೊಡಲಿಲ್ಲ."

ಛತ್ರಿಯ ಮೂತಿ

ಹಳೇಬೀಡಿನಲ್ಲಿ ನನ್ನ ಹಳೇ ಸಹಪಾಠಿಯೊಬ್ಬರಿದ್ದಾರೆ, ಹೈಸ್ಕೂಲಿನ ಡ್ರಿಲ್ ಮೇಷ್ಟರಾಗಿ ನಿವೃತ್ತರಾದವರು. ಸುತ್ತಲಿನ ಹಳ್ಳಿಗಳ ಮಾಜಿ ಸೈನಿಕರೆಲ್ಲ ಅವರಿಗೆ ಪರಿಚಯ. ಅವರಿಗೆ ಕತ್ತಿ ತೋರಿಸಿದರೆ ಒರೆಯ ಸುಳಿವು ಸಿಕ್ಕೀತು ಅಂತ ಹೊರಟೆ. ಬಸ್ಸಿನಲ್ಲಿ ಬರಿಗತ್ತಿ ಹಿಡಿದು ಕೂರುವುದು ಸಭ್ಯತೆಯಲ್ಲ ಅಂತ ಛತ್ರಿಯ ಬಟ್ಟೆಚೀಲದೊಳಗೆ ಇಳಿಸಿ ಪಕ್ಕದಲ್ಲಿಟ್ಟುಕೊಂಡೆ.

ಜಾವಗಲ್ ಹತ್ತಿರ ಬರುವಾಗ ಬಸ್ಸು ಒಂದು ಗುಂಡಿಗೆ ಇಳಿದು ಎದ್ದಿತು. ಪಕ್ಕದಲ್ಲಿದ್ದ ಹೆಂಗಸು ತನ್ನ ಮೂಟೆ ಎತ್ತಿದಳು. ಎತ್ತಿದರೆ ಮೂಟೆಯಿಂದ ಮಂಡಕ್ಕಿ ಸುರಿಯತೊಡಗಿತು. ನನ್ನ ಛತ್ರಿಯ ಮೂತಿ ಚೀಲ ಸೀಳಿ, ಮೂಟೆಯೊಳಗೆ ಹೋಗಿ ಕೂತಿತ್ತು. ಆಕೆ ಕೂಗಾಡಲಿಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿ, ಮಳೆ ಇಲ್ಲ ಮೋಡ ಇಲ್ಲ, ಛತ್ರಿಗೆ ಚೂರಿ ಯಾಕೆ ಸ್ವಾಮಿ ಅಂದಳು, ಅಷ್ಟೆ. ನಾನು ಬಗ್ಗಿ ಮಂಡಕ್ಕಿ ಆರಿಸತೊಡಗಿದೆ.

ಕಂಡಕ್ಟರು ಬಂದು ವಿಚಾರಣೆ ನಡೆಸಿದರು. ಕೋಳಿಗಾದರೆ ಟಿಕೆಟ್ ಇದೆ, ಕತ್ತಿಗೆ ರೂಲ್ಸಿಲ್ಲ, ಆದ್ದರಿಂದ ಮಂಡಕ್ಕಿಯನ್ನು ಇವರು ಕೊಂಡುಕೊಳ್ಳತಕ್ಕದ್ದು ಅಂತ ತೀರ್ಪಾಯಿತು. ಹಳೇಬೀಡು ಬರುವಷ್ಟರಲ್ಲಿ ಇಡೀ ಬಸ್ಸು ಮಂಡಕ್ಕಿ ಮುಕ್ಕುತ್ತಿತ್ತು. ಡ್ರೈವರ್ ಮಾತ್ರ ಹಿಂದೆ ತಿರುಗಿ, ಮುಂದಿನ ಸಲ ಖಾರ ಹಚ್ಚಿದ್ದಕ್ಕೆ ಚುಚ್ಚಿ ಯಜಮಾನ್ರೇ ಅಂದರು.

ಹೊಯ್ಸಳರ ಬಯೋನೆಟ್ಟು

ದೇವಸ್ಥಾನದ ಮುಂದಿನ ಹುಲ್ಲುಹಾಸಿನ ಮೇಲೆ ಡ್ರಿಲ್ ಮೇಷ್ಟರು ಕಾಯುತ್ತಿದ್ದರು. ಬಯೋನೆಟ್ಟನ್ನು ಬಂದೂಕಿಗೆ ಹೇಗೆ ಸಿಕ್ಕಿಸುತ್ತಾರೆ ಅಂತ ಅವರ ಊರುಗೋಲಿನ ತುದಿಗೆ ಹಿಡಿದು ತೋರಿಸಿದೆ. ಅವರಿಗೆ ಹಳೇ ಹುಮ್ಮಸ್ಸು ಉಕ್ಕಿ, ಎದ್ದು ನಿಂತು, ಊರುಗೋಲಿನಿಂದ ಗಾಳಿಯನ್ನು ನಾಲ್ಕು ಸಲ ಇರಿದರು. ಟೂರಿಸ್ಟುಗಳಿಗೆ ಶಿಲ್ಪ ತೋರಿಸುವ ಗೈಡ್ ಒಬ್ಬ ಪಕ್ಕದಲ್ಲಿ ಕಡಲೆಕಾಯಿ ತಿನ್ನುತ್ತ ಎಲ್ಲವನ್ನೂ ಕೇಳಿಸಿಕೊಂಡ. ಅಂದು ಒರೆಯ ಸುಳಿವೇನೂ ಸಿಗಲಿಲ್ಲ, ವಿಚಾರಿಸಿ ಇಡುತ್ತೇನೆ ಅಂತ ಮೇಷ್ಟರು ಮಾತು ಕೊಟ್ಟರು.

ತಿಂಗಳು ಕಳೆದು ಮತ್ತೆ ಹೋದೆ. ಗೋಡೆಯ ಕೆಳಸಾಲಿನಲ್ಲಿ ಈಟಿ ಹಿಡಿದ ಒಬ್ಬ ಕಾಲಾಳನ್ನು ತೋರಿಸಿ ಅದೇ ಗೈಡ್ ಜನಕ್ಕೆ ಹೇಳುತ್ತಿದ್ದ, ಇದು ಬಯೋನೆಟ್, ನಮ್ಮವರಿಗೆ ಆಗಲೇ ಗೊತ್ತಿತ್ತು ಅಂತ. ಗುಂಪಿನಲ್ಲಿ ಒಬ್ಬರು, ಹಾಗಾದರೆ ಬಂದೂಕೆಲ್ಲಿ ಅಂತ ಕೇಳಿಯೇಬಿಟ್ಟರು. ಗೈಡ್ ಒಂದು ಕ್ಷಣವೂ ತಡವರಿಸಲಿಲ್ಲ.

"ಬಂದೂಕು ಬರೋದು ಸ್ವಲ್ಪ ಲೇಟಾಯ್ತು ಸಾರ್. ಇವರು ಮೊದಲೇ ರೆಡಿ ಮಾಡಿ ಇಟ್ಕೊಂಡಿದ್ರು. ಬೇಕಾದ್ರೆ ಅಲ್ಲಿ ನಿಂತಿದ್ದಾರಲ್ಲ ಆ ಹಿರಿಯರನ್ನ ಕೇಳಿ, ಅವರದ್ದೇ ರಿಸರ್ಚು."

ಮಾದಿಹಳ್ಳಿಯ ಒರೆ

ಅವತ್ತೇ ಮೇಷ್ಟರು ಸುಳಿವು ಕೊಟ್ಟರು. ಮಾದಿಹಳ್ಳಿಯಲ್ಲಿ ಒಬ್ಬ ಅಜ್ಜಿ ಇದ್ದಾರೆ, ಅವರ ಯಜಮಾನರು ಎರಡನೇ ಮಹಾಯುದ್ಧಕ್ಕೆ ಹೋಗಿ ಬಂದವರು, ಅವರ ಮನೆಯಲ್ಲಿ ಬರೀ ಒರೆ ಇದೆ, ಕತ್ತಿ ಇಲ್ಲ. ಮಂಡಕ್ಕಿ ಪ್ರಕರಣದ ಮೇಲೆ ನಾನು ಕತ್ತಿಯನ್ನು ಬಸ್ಸಿಗೆ ಹತ್ತಿಸುತ್ತಿರಲಿಲ್ಲ. ಬರಿಗೈಯಲ್ಲೇ ಹೋದೆವು.

ದೇವರ ಗೂಡಿನ ಪಕ್ಕ, ಯಜಮಾನರ ಫೋಟೋದ ಕೆಳಗೆ, ಮೊಳೆಗೆ ನೇತುಹಾಕಿತ್ತು. ಕಪ್ಪು ಚರ್ಮ, ಬಾಯಿಗೂ ತುದಿಗೂ ಉಕ್ಕಿನ ಕಟ್ಟು. ಅದರ ತುಂಬ ಊದುಬತ್ತಿ. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದದ್ದನ್ನು ಕಂಡು ಅಜ್ಜಿ, ಹಚ್ಚಬೇಕಾ ಅಂತ ಕೇಳಿದರು.

ಒರೆ ಹೇಗೆ ಬಂತಮ್ಮ ಅಂದೆ. "ದಂಡಿಂದ ಬಿಡುವಾಗ ಕತ್ತಿ ಎಣಿಸಿ ಇಸ್ಕಂಡ್ರಂತೆ. ಒರೆ ಎಣಿಸಾಕೆ ಮರ್ತ್ರಂತೆ. ಅಷ್ಟು ದೊಡ್ಡ ಯುದ್ಧದಾಗೆ ನಮ್ಮೋರು ಗೆದ್ಕಂಡು ಬಂದಿದ್ದು ಇದೊಂದೇ ಕಣಪ್ಪ."

ಗೇಣಿನಲ್ಲಿ ಅಳೆದು ನೋಡಿದೆ. ನನ್ನ ಕತ್ತಿಗೆ ಕರಾರುವಾಕ್ಕು. ಬೇರೆ ಒರೆ ಕೊಡಿಸುತ್ತೇನೆ, ಹಿತ್ತಾಳೆಯ ಊದುಬತ್ತಿ ಸ್ಟ್ಯಾಂಡು ತಂದುಕೊಡುತ್ತೇನೆ ಅಂತ ಏನೇನೋ ಬೇಡಿಕೊಂಡೆ. ಅಜ್ಜಿ ತಲೆಯಾಡಿಸಲಿಲ್ಲ. ಮೊದಲು ಕತ್ತಿ ತಂದು ಇಳಿಸಿ ನೋಡಿ, ಸರಿಯಾಗಿ ಕೂತರೆ ಆಮೇಲೆ ಮಾತು ಅಂದರು. ನಾನು ಇನ್ನೊಮ್ಮೆ ಗೇಣು ಹಾಕಿದ್ದಕ್ಕೆ, "ಅಳತೆ ಸಿಕ್ತಲ್ಲ, ಟೈಲರ್ ತಾವ ಒಂದು ಹೊಲಿಸ್ಕಳಿ" ಅಂತ ಕಾಫಿ ತರಲು ಒಳಗೆ ಹೋದರು.

ಕಬ್ಬಿಣದ್ದೆಲ್ಲ ಈಚೆ ತನ್ನಿ

ಕತ್ತಿಯನ್ನು ಮತ್ತೆ ಬಸ್ಸು ಹತ್ತಿಸಲು ಧೈರ್ಯ ಸಾಲದೆ ದಿನ ದೂಡುತ್ತಿದ್ದೆ. ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತಿರುವಾಗ ನಮ್ಮಾಕೆ ಒಳಗಿಂದಲೇ ಹೇಳಿದರು, "ಮನೇಲಿರೋ ಕಬ್ಬಿಣದ್ದೆಲ್ಲ ಈಚೆ ತಂದಿಡಿ. ನಿಮ್ಮ ಟ್ರಂಕಿನಲ್ಲಿರೋದೂ ಸೇರಿ."

ನಾನು ಕಾಫಿ ಲೋಟ ಕೆಳಗಿಟ್ಟೆ. ಗುಜರಿಯವನಿಗೆ ಹಾಕಿ ಸ್ಟೀಲ್ ಪಾತ್ರೆ ತಗೋತೀನಿ ಅಂತ ಅವರು ವರ್ಷದಿಂದ ಹೆದರಿಸುತ್ತಿದ್ದರು. ಇವತ್ತು ಬಂತು ಘಳಿಗೆ ಅಂತ ತಿಳಿದು, ಸದ್ದಿಲ್ಲದೆ ಟ್ರಂಕು ತೆಗೆದು, ಕತ್ತಿಯ ತುದಿಗೆ ಒಂದು ಆಲೂಗೆಡ್ಡೆ ಚುಚ್ಚಿ, ಟವೆಲ್ಲಿನಲ್ಲಿ ಸುತ್ತಿ, ಹಿತ್ತಲ ಬಾಗಿಲಿನಿಂದ ಪಾರಾದೆ. ಬಸ್ಸಿನ ಮುಂದೆ ಬಾಳೆಕಂದು, ಚೆಂಡುಹೂವಿನ ಹಾರ ಕಟ್ಟಿದ್ದರು. ಯಾರದೋ ಮದುವೆ ದಿಬ್ಬಣಕ್ಕೆ ಹೋಗಿ ಬಂದಿರಬೇಕು ಅಂದುಕೊಂಡು ಹತ್ತಿದೆ. ತಲೆಯಲ್ಲಿ ಇದ್ದದ್ದು ಒಂದೇ, ಒರೆಗೆ ಕತ್ತಿ ಕೂರುತ್ತದೋ ಇಲ್ಲವೋ.

ಮಾದಿಹಳ್ಳಿಯ ಅಜ್ಜಿ ಮಿಂದು ಮಡಿಸೀರೆ ಉಟ್ಟಿದ್ದರು. ಮಣೆಯ ಮೇಲೆ ಕುಡುಗೋಲು, ಮಚ್ಚು, ಗುದ್ದಲಿ ಸಾಲಾಗಿ ಜೋಡಿಸಿದ್ದರು. ಅವನ್ನು ನೋಡುವ ವ್ಯವಧಾನ ನನಗಿರಲಿಲ್ಲ. ಆಲೂಗೆಡ್ಡೆ ಕಿತ್ತು ಅಜ್ಜಿಯ ಕೈಗಿತ್ತೆ. ಅವರು ಊದುಬತ್ತಿಯನ್ನೆಲ್ಲ ನನ್ನ ಟವೆಲ್ಲಿನ ಮೇಲೆ ಸುರಿದು ಒರೆ ಕೊಟ್ಟರು. ಕತ್ತಿ ಅರ್ಧ ಇಳಿದು ನಿಂತಿತು. ಸ್ವಲ್ಪ ಒತ್ತಿದೆ. ಚಟಕ್ ಅಂತ ಹೋಗಿ ಕೂತಿತು. ಅಲುಗಾಡಿಸಿದರೂ ಸದ್ದಿಲ್ಲ, ತಲೆಕೆಳಗು ಮಾಡಿದರೂ ಜಾರಲಿಲ್ಲ. ಪಾರ್ಸೆಲ್ ಆಫೀಸಿನ ಅಷ್ಟೂ ವರ್ಷಗಳಲ್ಲಿ ಯಾವ ಬಡ್ತಿಗೂ ನಾನು ಹಾಗೆ ಹಿಗ್ಗಿದವನಲ್ಲ.

ನೋಡಿ ಅಮ್ಮ ಅಂತ ಅವರ ಕೈಗೆ ಕೊಟ್ಟೆ. ಅವರು ಎರಡೂ ಕೈಯಲ್ಲಿ ತೆಗೆದುಕೊಂಡು, ಸ್ವಲ್ಪ ಹೊತ್ತು ತೂಗಿ ನೋಡಿ, ಫೋಟೋದ ಕಡೆ ಒಮ್ಮೆ ತಿರುಗಿ, ಸೀದಾ ಹೋಗಿ ಮಚ್ಚಿಗೂ ಕುಡುಗೋಲಿಗೂ ನಡುವೆ ಇಟ್ಟರು. ಅರಿಶಿನ, ಕುಂಕುಮ, ಮೇಲೊಂದು ಚೆಂಡುಹೂವು. ನಾನು ಬಾಯಿ ತೆರೆಯುವಷ್ಟರಲ್ಲಿ ಮಂಗಳಾರತಿ ಆಗಿಹೋಯಿತು.

ನಾನು ಮೆಲ್ಲಗೆ, ಅಮ್ಮ, ಆ ಒರೆಯ ಮಾತು ಅಂದೆ.

"ಪೂಜೆಗಿಟ್ಟಿದ್ನ ಇವತ್ತು ಎತ್ತಂಗಿಲ್ಲ ಕಣಪ್ಪ. ನಾಳಿಕೆ ಬಾ. ಆದ್ರೆ ನೀನೇ ಯೋಳು. ಖಾಲಿ ಒರೆಗೆ ಇಷ್ಟು ವರ್ಷ ಕುಂಕುಮ ಇಟ್ಟೆ. ಇವತ್ತು, ಇವತ್ತೇ, ಕತ್ತಿ ತಾನಾಗಿ ಮನೆ ಹುಡಿಕ್ಕಂಡು ಬಂತು. ಈಗ ನಾನು ಒರೆ ಕೊಡ್ಬೇಕಾ, ನೀನು ಕತ್ತಿ ಬಿಡ್ಬೇಕಾ?"

ವಾದಗಳನ್ನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದೆ. ಆದರೂ ಎರಡೂ ಇಲ್ಲೇ ಇರಲಿ ಬಿಡಿ ಅಮ್ಮ ಅಂದುಬಿಟ್ಟೆ. ಅವರು ಕಾಯಿ ಹೋಳು, ಬಾಳೆಹಣ್ಣು ಕೊಟ್ಟು, ಟವೆಲ್ಲಿನ ಮೇಲಿದ್ದ ಊದುಬತ್ತಿಯನ್ನೂ ಗಂಟು ಕಟ್ಟಿದರು. ಇನ್ನು ಇದನ್ನ ಇಡಾಕೆ ನಮ್ಮನೇಲಿ ಜಾಗ ಇಲ್ಲ, ನೀನೇ ತಗಂಡ್ ಹೋಗು ಅಂದರು.

ಒರೆ ತರಲು ಹೋದವನು ಕತ್ತಿಯನ್ನೂ ಬಿಟ್ಟು ಊದುಬತ್ತಿ ಹಿಡಿದು ಅರಸೀಕೆರೆಗೆ ಬಂದಿಳಿದೆ. ನಮ್ಮಾಕೆ ಬಾಗಿಲಲ್ಲೇ ನಿಂತಿದ್ದರು. ಒಳಗೆ ಈಳಿಗೆಮಣೆ, ಕತ್ತರಿ, ನನ್ನ ಸೈಕಲ್ಲು, ಎಲ್ಲಕ್ಕೂ ಹೂವು. ನಡುವೆ ಒಂದು ಮೊಳದಷ್ಟು ಖಾಲಿ ಜಾಗ.

"ಬೆಳಿಗ್ಗೆಯಿಂದ ನಿಮ್ಮ ಆ ಕತ್ತಿಗೇಂತ ಜಾಗ ಬಿಟ್ಟು ಕಾಯ್ತಿದ್ದೀನಿ. ಎಲ್ಲಿ?"

ಗುಜರಿಯವನಿಂದ ಹಿಡಿದು ಮಂಗಳಾರತಿಯ ತನಕ ಎಲ್ಲ ಹೇಳಿದೆ. ಅವರು ಗಂಟಿನಿಂದ ಎರಡು ಊದುಬತ್ತಿ ತೆಗೆದು ಹಚ್ಚಿ, ಆ ಖಾಲಿ ಜಾಗದಲ್ಲಿ ಸಿಕ್ಕಿಸಿ, ಗೋಡೆಯ ಕ್ಯಾಲೆಂಡರನ್ನು ಮೊಳೆಯಿಂದ ಇಳಿಸಿ ನನ್ನ ಕೈಗಿತ್ತರು. ಸದ್ಯ ಭೂತಗನ್ನಡಿ ಜೇಬಿನಲ್ಲೇ ಇತ್ತು. ಹಿಡಿದು ಓದಿದೆ. ಕೆಂಪಕ್ಷರದಲ್ಲಿತ್ತು: ಮಹಾನವಮಿ, ಆಯುಧಪೂಜೆ.