ಚಂದ್ರನಿಗೆ ಬಡಿದ ಗಾಳಿ

ತಪ್ಪೆಲ್ಲ ಒಂದು ಮಾತಿನದು. ಅದನ್ನು ಸೋಮಪ್ಪ ಇಂಗ್ಲಿಷಿನಲ್ಲೇ ಬಿಟ್ಟಿದ್ದರೆ ಪಾಳಾ ಊರು ಅವನ ಗೊಡವೆಗೆ ಬರುತ್ತಿರಲಿಲ್ಲ.

ರಷ್ಯದವರು ಚಂದ್ರನ ಮೇಲೆ ರಾಕೆಟ್ಟು ಬೀಳಿಸಿ ಎರಡು ಮೂರು ವರ್ಷವಾಗಿತ್ತು. ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ಸೋಮಪ್ಪನಿಗೂ ಚಂದ್ರನ ಹುಚ್ಚು. ಕರೆಂಟಿಲ್ಲದ ಊರಿನಲ್ಲಿ ಆಕಾಶದ ಸದ್ದು ಚೊಕ್ಕವಾಗಿ ಕೇಳುತ್ತದೆಂದು ಮುಂಡಗೋಡಿನಿಂದ ಎತ್ತಿನ ಗಾಡಿಯಲ್ಲಿ ಯಂತ್ರ, ಬ್ಯಾಟರಿ ಹೇರಿಕೊಂಡು ಬಂದು ಈರಕ್ಕನ ಹಿತ್ತಲಿನ ಕೋಣೆ ಹಿಡಿದಿದ್ದ. ಬಿದಿರಿನ ಗಳಗಳಿಗೆ ತಂತಿ ಬಿಗಿದಾಗ ಅದು ಬಟ್ಟೆ ಒಣಹಾಕುವುದಕ್ಕೆಂದು ಊರವರು ತಿಳಿದರು. ಈರಕ್ಕ ಒಂದು ಸೀರೆ ಹಾಕಿಯೂ ಬಿಟ್ಟಳು. ಮಳೆಗಾಲ ಪೂರ್ತಿ ಕಳೆದರೂ ಏನು ಮಾಡುತ್ತೀ ಎಂದು ಒಬ್ಬರೂ ಕೇಳಲಿಲ್ಲ. ಉಣ್ಣುವಾಗ ತಾಟಿನ ಜೊತೆ ಮಾತಾಡುವಷ್ಟು ಅವನು ಒಂಟಿಯಾಗಿದ್ದ.

ಈರಕ್ಕ ಮಾತಾಡುತ್ತಿದ್ದಳು, ಇಲ್ಲವೆಂದಲ್ಲ. ಬೆಳಿಗ್ಗೆ ಬಾಯಿ ತೆರೆದರೆ ದೀಪ ಆರಿಸುವಾಗಲೇ ಮುಚ್ಚುವುದು. ಆ ಮಾತಿನ ನಡುವೆ ಬೇರೆಯವರಿಗೆ ಸಂದು ಸಿಗುತ್ತಿರಲಿಲ್ಲ, ಅಷ್ಟೇ. ಅಂಥವಳು ಒಂದು ಸಂಜೆ ರೊಟ್ಟಿ ಕೊಡುತ್ತ, ನೀವು ಎಂಥಾ ಡಾಕ್ಟರು ಎಂದು ಕೇಳಿಬಿಟ್ಟಳು. ಸೋಮಪ್ಪನಿಗೆ ಕಣ್ಣು ತುಂಬಿ ಬಂತು. ಸೋಲಾರ್ ವಿಂಡ್ ಎಂದರೆ ಅವಳಿಗೆ ತಿಳಿಯದೆಂದು ಕನ್ನಡದಲ್ಲೇ ಬಿಡಿಸಿ ಹೇಳಿದ.

"ಸೂರ್ಯನಿಂದ ಒಂದು ಗಾಳಿ ಬೀಸ್ತೈತ್ರಿ ಈರಕ್ಕ. ಅದು ಚಂದ್ರಗ ಬಡೀತೈತಿ. ಗಾಳಿ ಬಡದ ಮ್ಯಾಲ ಏನಾಗ್ತೈತಿ ಅಂತ ನೋಡಾಂವ ನಾನು."

ಈರಕ್ಕ ಹಿಡಿದದ್ದು ಕೊನೆಯ ಮಾತೊಂದನ್ನೇ. ಚಂದ್ರನಿಗೆ ಬಡಿದ ಗಾಳಿಯನ್ನೇ ನೋಡುವವನಿಗೆ ಹುಣಸೆಮರದ ದೆವ್ವದ ಗಾಳಿ ಯಾವ ಲೆಕ್ಕ? ಅವಳ ಸೊಸೆ ಶಿವಗಂಗವ್ವ ಮದುವೆಯಾಗಿ ಬಂದಾಗಿನಿಂದ ತುಟಿ ಎರಡು ಮಾಡಿರಲಿಲ್ಲ. ಗಾಳಿ ಬಡಿದಿದೆಯೆಂದು ಊರಿನ ಮಂತ್ರವಾದಿ ಗೂಳಪ್ಪ ತಾಯಿತ ಕಟ್ಟಿ ಕಟ್ಟಿ ಸೋತಿದ್ದ.

ಮರುದಿನ ಬೆಳಗು ಸೋಮಪ್ಪ ವರ್ಷಗಟ್ಟಲೆ ಕಾದಿದ್ದ ಬೆಳಗು. ರೇಡಿಯೋ ಸದ್ದು ಹೊರಡಿಸುವ ದೂರದ ನಕ್ಷತ್ರವೊಂದಕ್ಕೆ ಅಂದು ಚಂದ್ರ ಅಡ್ಡ ಬರಲಿದ್ದ. ಸದ್ದು ತಟ್ಟನೆ ನಿಂತರೆ ಚಂದ್ರನ ಸುತ್ತ ಏನೂ ಇಲ್ಲ. ತಡವರಿಸಿ ನಿಂತರೆ ಸೂರ್ಯನ ಗಾಳಿ ಅಲ್ಲಿ ತೆಳ್ಳಗೆ ಸುತ್ತಿಕೊಂಡಿದೆ. ಯಂತ್ರದ ಮುಳ್ಳನ್ನು ಕಣ್ಣು ಮಿಟುಕಿಸದೆ ನೋಡಬೇಕು. ತಪ್ಪಿದರೆ ಮತ್ತೆ ಎಂಟೊಂಬತ್ತು ವರ್ಷ ಕಾಯಬೇಕು.

ಅವನು ಯಂತ್ರದ ಮುಂದೆ ಕೂರುವುದಕ್ಕೂ ಅರ್ಧ ಊರು ಹಿತ್ತಲಿಗೆ ಬರುವುದಕ್ಕೂ ಸರಿಹೋಯಿತು. ಮುಂದೆ ಈರಕ್ಕ, ಅವಳು ಕೈಹಿಡಿದು ಎಳೆತಂದ ಸೊಸೆ, ಹಿಂದೆ ನಿಂಬೆಹಣ್ಣು ಹಿಡಿದ ಗೂಳಪ್ಪ. ಸೋಮಪ್ಪ ಎಲ್ಲರಿಗೂ ಕೈಮುಗಿದು, ಇದೊಂದು ಹೊತ್ತು ಸದ್ದು ಮಾಡಬೇಡಿರೆಂದು ಬೇಡಿಕೊಂಡ. ಗಾಳಿ ಬಿಡಿಸುವವರು ಕೇಳುವುದೂ ಅದನ್ನೇ. ಈರಕ್ಕ ಸೊಸೆಯನ್ನು ಒಳಗೆ ನೂಕಿ ಹೊರಗಿನಿಂದ ಚಿಲಕ ಹಾಕಿದಳು.

ಇರಲಿ, ಮಾತಾಡದ ಹೆಂಗಸು, ತೊಂದರೆಯಿಲ್ಲ ಎಂದುಕೊಂಡ ಸೋಮಪ್ಪ. ಆದರೆ ಅವಳು ಮುಳ್ಳಿನ ಕಡೆಗೇ ನೋಡುತ್ತಿದ್ದಳು. ಇದೇನೆಂದು ಆ ಕಣ್ಣುಗಳು ಕೇಳಿದಂತಿತ್ತು. ಒಂದೇ ಮಾತು ಹೇಳೋಣವೆಂದು ಶುರು ಮಾಡಿದ. ಮಳೆಗಾಲದಿಂದ ಕಟ್ಟಿ ನಿಂತ ಕೆರೆಯ ಕೋಡಿ ಒಡೆದಂತಾಯಿತು. ಸೂರ್ಯ, ಗಾಳಿ, ನಕ್ಷತ್ರ, ತನಗೆ ಡಾಕ್ಟರೇಟ್ ಮಾಡಿಸಿದ ಗೈಡಿನ ಕೋಪ, ಒಣ ರೊಟ್ಟಿ, ಎಲ್ಲವನ್ನೂ ಹೇಳಿದ. ಅವಳು ಗಲ್ಲಕ್ಕೆ ಕೈಯಿಟ್ಟು ಕೇಳಿದಳು. ಅವನು ಉಸಿರಿಗಾಗಿ ನಿಂತಾಗ ಮೆಲ್ಲಗೆ ಬಾಯಿ ಬಿಟ್ಟಳು.

"ಚಂದ್ರಗ ಗಾಳಿ ಬಡದರ ಬಿಡಸಾವ್ರು ಯಾರ್ರೀ?"

"ಯಾರೂ ಇಲ್ಲವ್ವ ತಂಗಿ. ಅಲ್ಲಿ ಯಾರಂದ್ರ ಯಾರೂ ಇಲ್ಲ."

ಸೋಮಪ್ಪನ ಕೆಲಸದ ಬಗ್ಗೆ ಇಷ್ಟು ಒಳ್ಳೆಯ ಪ್ರಶ್ನೆಯನ್ನು ಅವನ ಗೈಡೂ ಕೇಳಿರಲಿಲ್ಲ. ಆ ಸಂತೋಷದಲ್ಲೇ ಯಂತ್ರದ ಕಡೆ ತಿರುಗಿದ. ಮುಳ್ಳು ಮೊದಲಿನ ಜಾಗದಲ್ಲೇ ಇತ್ತು. ಗಡಿಯಾರ ನೋಡಿದ. ನಕ್ಷತ್ರ ಚಂದ್ರನ ಹಿಂದೆ ಹೋಗಿ, ಆ ಕಡೆಯಿಂದ ಹೊರಗೂ ಬಂದು ಬಹಳ ಹೊತ್ತಾಗಿತ್ತು.

"ಹೋತು, ಎಲ್ಲಾ ಹೋತು" ಎಂದು ತಲೆ ಬಡಿದುಕೊಂಡ.

ಹೊರಗಿದ್ದವರು ಕಾದದ್ದು ಈ ಮಾತಿಗೇ. ಹೋತಂತ, ಗಾಳಿ ಹೋತಂತ ಎಂದು ಹಿತ್ತಲೆಲ್ಲ ಗದ್ದಲ. ಚಿಲಕ ತೆಗೆದರೆ ಶಿವಗಂಗವ್ವ ಹೊಸ್ತಿಲು ದಾಟಿ, ಅತ್ತಿ, ನೀರಡಿಕಿ ಆಗೈತ್ರಿ ಎಂದಳು. ಈರಕ್ಕ ಬಂದು ಸೋಮಪ್ಪನ ಕಾಲು ಮುಟ್ಟುವುದರಲ್ಲಿದ್ದಳು.

ಗೂಳಪ್ಪ ಅವಳ ತೋಳು ಹಿಡಿದು ನಿಲ್ಲಿಸಿದ. ಒಳಗೆ ಸೋಮಪ್ಪ ನೆಲದ ಮೇಲೆ ಕುಳಿತು, ಕಣ್ಣೀರು ಸುರಿಸುತ್ತ, ಯಾಕ ಕಾಯಲಿಲ್ಲ ನನಗ ಎಂದು ಯಂತ್ರವನ್ನು ಕೇಳುತ್ತಿದ್ದ.

"ಗಾಳಿ ಅನ್ನೂದು ಸುಮ್ಮನ ಎಲ್ಲಿಗೂ ಹೋಗೂದಿಲ್ಲ. ಆಕಿನ್ನ ಬಿಟ್ಟು ಇವ್ರಿಗೆ ಹತ್ತೈತಿ. ಇನ್ನ ಯಾರೂ ಇವ್ರನ್ನ ಮಾತಾಡ್ಸಬ್ಯಾಡ್ರಿ" ಎಂದ ಗೂಳಪ್ಪ.

ಹಿತ್ತಲು ಖಾಲಿಯಾಯಿತು. ಈರಕ್ಕ ತಂತಿಯ ಮೇಲಿನ ಸೀರೆಯನ್ನು ಕೋಲಿನಿಂದ ಎತ್ತಿ ತೆಗೆದುಕೊಂಡು ಹೋದಳು. ಸಂಜೆ ರೊಟ್ಟಿ ಬಂತು, ಮೇಲೊಂದು ಬೇವಿನ ಎಲೆ. ಹೊಸ್ತಿಲ ಹೊರಗೆ ಇಟ್ಟು, ಹುಟ್ಟಿದಾಗಿನಿಂದ ಸುಮ್ಮನಿರದ ಈರಕ್ಕ ತುಟಿ ಬಿಗಿದು ಹಿಂದಿರುಗಿದಳು. ಮುಂದಿನ ಪಡಸಾಲೆಯಲ್ಲಿ ಶಿವಗಂಗವ್ವನ ದನಿ ಕೇಳಿಸಿತು. ಚಂದ್ರನ ಮೇಲೆ ಯಾರೂ ಇಲ್ಲವಂತೆ ಎಂದು ಶುರು ಮಾಡಿದ್ದಳು. ಆ ಸುದ್ದಿ ಬ್ಯಾಡ, ಹತ್ತತೈತಿ ಎಂದು ಯಾರೋ ಗದರಿದರು, ಬಾಗಿಲು ಮುಚ್ಚಿತು.

ಸೋಮಪ್ಪ ಹೆಡ್‌ಫೋನ್ ಹಾಕಿಕೊಂಡು ಕುಳಿತ. ಬೆಳಿಗ್ಗೆ ಕೈಮುಗಿದು ಬೇಡಿದ್ದ ಮೌನವನ್ನು ಊರು ಈಗ ಧಾರಾಳವಾಗಿ ಕೊಟ್ಟಿತ್ತು. ಚಂದ್ರ ಇನ್ನೂ ಹುಟ್ಟಿರಲಿಲ್ಲ.