ಶೋರೂಮಿನ ಭಟ್ಟರು

ಸಂತೋಷವನ್ನು ಹೊಟ್ಟೆಯಲ್ಲಿಟ್ಟುಕೊಂಡು ಸುಮ್ಮನೆ ಕೂರುವವರನ್ನು ಕಂಡರೆ ನನಗೆ ಬಹಳ ಆಶ್ಚರ್ಯ. ದುಃಖವಾದರೆ ಬೇಕಾದಷ್ಟು ದಿನ ಇಟ್ಟುಕೊಂಡೇನು. ಸಂತೋಷ ಮಾತ್ರ ನನ್ನ ಹತ್ತಿರ ಮನೆಯೆದುರಿನ ಬೇಲಿಯ ದಣಪೆ ದಾಟುವವರೆಗೂ ಉಳಿಯುವುದಿಲ್ಲ. ನನ್ನ ಓದು ನಾಲ್ಕನೇ ಇಯತ್ತೆಗೆ ನಿಂತಿತು, ಬಾಯಿ ಮಾತ್ರ ಎಲ್ಲಿಯೂ ನಿಲ್ಲಲಿಲ್ಲ. ಹಾಗಾಗಿ ಮೊಮ್ಮಗ ವಿನಾಯಕ ಐಟಿಐ ಮುಗಿಸಿ ಶಿರಸಿಯ ಕಾರಿನ ಶೋರೂಮಿನಲ್ಲಿ ಟ್ರೈನಿ ಮೆಕ್ಯಾನಿಕ್ ಆದ ಸುದ್ದಿ, ಅವನು ಕೆಲಸಕ್ಕೆ ಹೋಗುವ ಮೊದಲೇ ನಮ್ಮೂರು ಮನ್ಮನೆಯಿಂದ ಸಿದ್ದಾಪುರ ಪೇಟೆಯವರೆಗೆ ಎಲ್ಲರಿಗೂ ತಿಳಿದಿತ್ತು. ಸೊಸೈಟಿಗೆ ಸಕ್ಕರೆ ತರಲು ಹೋದವನು ಸುದ್ದಿ ಹೇಳಿ, ಸಕ್ಕರೆ ಮರೆತು ಬಂದೆ.

"ಟ್ರೈನಿ ಅಂದ್ರೆ ಎಂತದು?" ಎಂದು ನನ್ನ ಹೆಂಡತಿ ಕೇಳಿದಳು. ನನಗೂ ಸರಿಯಾಗಿ ಗೊತ್ತಿರಲಿಲ್ಲ. "ದೊಡ್ಡಾಸ್ಪತ್ರೆಲಿ ಡಾಕ್ಟರಿಕೆ ಕಲಿಯವ್ವು ಇರ್ತ್ವಲೆ, ಹಾಂಗೆ" ಎಂದೆ. "ಹಾಂಗಾದ್ರೆ ಮೊದ್ಲು ನಾಕು ಕಾರಾದ್ರೂ ಸಾಯವು" ಎಂದು ಅವಳು ಸಕ್ಕರೆಯಿಲ್ಲದ ಚಹ ತಂದಿಟ್ಟಳು. ನಮ್ಮ ಮನೆಯಲ್ಲಿ ಹೊಗಳುವ ಖಾತೆ ನನ್ನದು, ಉಳಿದದ್ದೆಲ್ಲ ಅವಳದು.

ಮೊದಲ ದಿನ ಬೇಡವೆಂದರೂ ಕೇಳದೆ ನಾನೂ ಜೊತೆಗೆ ಹೋದೆ. ಅಡಿಕೆಗೆ ದರ ಬಂದು, ಅಂಬಾಸಿಡರ್ ಬಾಡಿಗೆಗೆ ಹೇಳುತ್ತಿದ್ದವರೆಲ್ಲ ಸ್ವಂತ ಕಾರಿನ ಮಾತಾಡುತ್ತಿದ್ದ ಕಾಲ ಅದು. ಮುಂದೆ ಗಾಜಿನ ಶೋರೂಮು, ಹಿಂದೆ ತಗಡಿನ ಮಾಡಿನ ವರ್ಕ್‌ಶಾಪು. ಗಾಜಿನ ಬಾಗಿಲಿನ ಎದುರು ಚಪ್ಪಲಿ ಬಿಡಬೇಕೋ ಬೇಡವೋ ತಿಳಿಯಲಿಲ್ಲ. ಒಳಗಿನ ನೆಲ ನೋಡಿ ಬಿಟ್ಟೇ ಹೋದೆ. ವಿನು ನೀಲಿ ಅಂಗಿ ತೊಟ್ಟು ಹಿಂದಕ್ಕೆ ಹೋದ. ವರ್ಕ್‌ಶಾಪಿನ ಹಿರಿಯ ಮೇಸ್ತ್ರಿ, ಬನವಾಸಿ ಕಡೆಯ ಬಸಪ್ಪ, ಅವನ ಕೈಗೆ ನಟ್ಟು ತಿರುಗಿಸುವ ಪಾನವೊಂದನ್ನು ಕೊಟ್ಟದ್ದನ್ನು ನಾನು ಬಾಗಿಲ ಸಂದಿಯಿಂದ ಕಣ್ಣಾರೆ ನೋಡಿದೆ. ಮುಂಜಿಯಲ್ಲಿ ಅವನ ಕೈಗೆ ದಂಡ ಕೊಟ್ಟಾಗಲೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ.

ಅಷ್ಟರಲ್ಲಿ ಮುಂದೆ ಗಡಿಬಿಡಿಯಾಯಿತು. ವಜ್ರಳ್ಳಿಯ ಗಿರಾಕಿಯೊಬ್ಬರು ಹೊಸ ಕಾರು ಒಯ್ಯಲು ಸಂಸಾರ ಸಮೇತ ಬಂದಿದ್ದರು. ಪೂಜೆಗೆ ಬರಬೇಕಾದ ಅವರ ಭಟ್ಟರು ಅಂಕೋಲೆಯಿಂದ ಹೊರಟವರು, ಅರಬೈಲ್ ಘಟ್ಟದಲ್ಲಿ ಲಾರಿ ಅಡ್ಡ ನಿಂತು ಅಲ್ಲೇ ಸಿಕ್ಕಿಬಿದ್ದಿದ್ದರು. ಮುಹೂರ್ತ ಜಾರುತ್ತಿತ್ತು. ಪೂಜೆಯಿಲ್ಲದೆ ಕಾರು ಮುಟ್ಟುವುದಿಲ್ಲವೆಂದು ಆ ಮನೆಯ ಯಜಮಾನರು ಕುರ್ಚಿಯಲ್ಲಿ ಕೂತರು. ಮ್ಯಾನೇಜರು, ಪಾಪ ಎಳೆಯ ಪ್ರಾಯದವರು, ಟೈ ಸಡಿಲಿಸಿಕೊಂಡು ಓಡಾಡುತ್ತಿದ್ದರು. ಇಂಥ ಕಡೆ ಸುಮ್ಮನಿರುವುದು ನನ್ನಿಂದ ಆಗುವ ಕೆಲಸವೇ? "ನಮ್ಮ ಹುಡುಗ ಇದ್ದಾನಲ್ಲ. ರಜೆಯಲ್ಲೆಲ್ಲ ಮಂತ್ರ ಕಲಿತವನು. ಅವನ ಕಂಠ ನೀವು ಕೇಳಬೇಕು" ಎಂದುಬಿಟ್ಟೆ.

ವಿನುವನ್ನು ಕಾರಿನ ಅಡಿಯಿಂದ ಎಳೆದು ತಂದರು. ಕೈ ತೊಳೆಸಿ ಯಾರದೋ ಶಾಲು ಹೊದೆಸಿದರು. ಹುಡುಗ ನನ್ನನ್ನು ಒಮ್ಮೆ ನೋಡಿದ. ಆ ನೋಟದ ಅರ್ಥ ಆಗ ನನಗೆ ಆಗಲಿಲ್ಲ, ಹೆಮ್ಮೆಯಿಂದ ಕಣ್ಣು ಮಂಜಾಗಿತ್ತು. ಪೂಜೆ ಎಂದರೆ ಪೂಜೆ. ಗಿರಾಕಿಯ ಮನೆಯ ಹೆಂಗಸರು ಕಾರು ಮರೆತು ಅವನನ್ನೇ ನೋಡಿದರು. ಮ್ಯಾನೇಜರು ಟೈ ಬಿಗಿ ಮಾಡಿಕೊಂಡರು.

ಅಲ್ಲಿಗೆ ಹುಡುಗನ ಮೆಕ್ಯಾನಿಕ್ ಕೆಲಸ ಕೆಟ್ಟಿತು. ವಿನಾಯಕ ಭಟ್ಟರ ಪೂಜೆಯೆಂದರೆ ಒಳ್ಳೆಯದೆಂದು ಯಲ್ಲಾಪುರದವರೆಗೂ ಹೆಸರಾಯಿತು. ಬಿಡಿಭಾಗ ಇಡುವ ಕಪಾಟಿನಲ್ಲಿ, ಬ್ರೇಕ್ ಎಣ್ಣೆಯ ಡಬ್ಬಿಯ ಪಕ್ಕದಲ್ಲಿ, ಅವನಿಗೊಂದು ಪಂಚೆ, ಶಾಲು, ಗಂಟೆ ಬಂದವು. ಅವನು ನಟ್ಟು ಸಡಿಲಿಸುವಷ್ಟರಲ್ಲಿ ಮುಂದಿನಿಂದ ಕರೆ ಬರುತ್ತಿತ್ತು. ಪೂಜೆ ಮುಗಿಸಿ ಬರುವಷ್ಟರಲ್ಲಿ ಜೊತೆಯ ಹುಡುಗರು ಆ ಗಾಡಿ ಬಿಚ್ಚಿ, ಜೋಡಿಸಿ, ಒರೆಸಿಯೂ ಆಗಿರುತ್ತಿತ್ತು. ಗಿರಾಕಿಗಳು ಪ್ರಸಾದ ತೆಗೆದುಕೊಳ್ಳುವಾಗ ಉಗುರಿನ ಮಸಿ ನೋಡುತ್ತಾರೆಂದು, ಡೆಲಿವರಿ ಇದ್ದ ದಿನ ಎಣ್ಣೆ ಮುಟ್ಟಬೇಡ ಎಂದೂ ಮ್ಯಾನೇಜರು ಹೇಳಿದರಂತೆ. ನನಗೆ ಇದೆಲ್ಲ ಸಂತೋಷದ ಮೇಲೆ ಸಂತೋಷ. ಒಂದೇ ಹುಡುಗನಲ್ಲಿ ಎರಡು ವಿದ್ಯೆ ಎಂದು ಊರಲ್ಲಿ ಹೇಳಿಕೊಂಡು ತಿರುಗಿದೆ.

ಒಮ್ಮೆ ಶೋರೂಮಿಗೆ ಹೋದಾಗ ಬಸಪ್ಪ ನನ್ನನ್ನು ಬದಿಗೆ ಕರೆದ. "ಅಜ್ಜಾರ, ನಿಮ್ಮ ಮೊಮ್ಮಗ ಇಂಜಿನ್ ಬಿಚ್ಚಾಕ ಬಂದಾನೋ, ಕಾಯಿ ಒಡಿಯಾಕ ಬಂದಾನೋ? ಕೈ ಚಲೋ ಐತಿ. ಆದ್ರ ಗಾಡಿ ಕೈಗೆ ಸಿಗಬೇಕಲ್ರಿ. ಆರು ತಿಂಗಳಾದ ಮ್ಯಾಲೆ ಒಬ್ಬೊಬ್ಬರಿಗೆ ಒಂದೊಂದು ಗಾಡಿ ಕೊಡ್ತೀನಿ. ಕ್ಲಚ್ ಇಳಿಸಿ, ಏರಿಸಿ, ಚಾಲೂ ಮಾಡಿ ತೋರಿಸ್ಬೇಕು. ಮಾಡದವ್ರನ್ನ ವರ್ಕ್‌ಶಾಪಿನಾಗ ನಾ ಇಟ್ಕೊಳ್ಳೂದಿಲ್ಲ."

ಅಂದು ಸಂಜೆ ಮನೆಗೆ ಬಂದ ವಿನು, ಮ್ಯಾನೇಜರು ತನ್ನನ್ನು ಮುಂದಿನ ಆಫೀಸಿಗೇ ಹಾಕಿಕೊಳ್ಳುತ್ತಾರಂತೆ, ಬಿಳಿ ಅಂಗಿ, ಟೈ ಕೊಡುತ್ತಾರಂತೆ ಎಂದ. ಟೈ ಎಂದ ಕೂಡಲೇ ನಾನು ಚಪ್ಪಲಿ ಹುಡುಕಿದೆ, ಪಕ್ಕದ ಮನೆಗೆ ಹೇಳಿ ಬರಲು. "ಕೂತ್ಗ ಅಜ್ಜ" ಎಂದ. ಅವನ ಬಾಳೆಲೆಯಲ್ಲಿ ಅನ್ನ ಹಾಗೇ ಇತ್ತು. "ಆನು ಕಾರಿನ ಒಳಗೆ ಎಂತ ಇದ್ದು ಹೇಳಿ ಕಲಿಯಲೆ ಹೋಗಿದ್ದು. ನೀ ಎನ್ನ ಅದರ ಎದುರಿಗೆ ನಿಲ್ಸಿಟ್ಟೆ."

ನನ್ನ ಹೆಂಡತಿ ಮಜ್ಜಿಗೆ ಬಡಿಸುತ್ತ, "ಬಾಯಿಗೂ ಒಂದು ಬ್ರೇಕು ಹಾಕ್ತ್ವನಾ ಕೇಳು ಆ ವರ್ಕ್‌ಶಾಪಲ್ಲಿ" ಎಂದಳು. ನಾನು ವಿನುವಿನ ಕೈ ನೋಡಿದೆ. ಚಿಕ್ಕಂದಿನಲ್ಲಿ ಪಂಪ್‌ಸೆಟ್ ರಿಪೇರಿಗೆ ಬಂದವರ ಹಿಂದೆ ಊಟ ಬಿಟ್ಟು ಕೂರುತ್ತಿದ್ದ ಹುಡುಗ ಇವನು. ಈಗ ಅವನ ಉಗುರು ನನ್ನ ಉಗುರಿಗಿಂತ ಸ್ವಚ್ಛವಾಗಿತ್ತು.

ಮರುದಿನ ಮ್ಯಾನೇಜರ ಎದುರು ನಿಂತು, ಇನ್ನು ಮೇಲೆ ಪೂಜೆ ನಾನು ಮಾಡುತ್ತೇನೆ, ಹುಡುಗನನ್ನು ಬಿಡಿ ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಿಮಗೆ ಮಂತ್ರ ಬರುತ್ತದೆಯೇ?" ಎಂದರು. "ಅದನ್ನು ಕೇಳಬೇಕೇ?" ಎಂದೆ. ಕೇಳದಿರಲಿ ಎಂದೇ ಹಾಗಂದದ್ದು. ನನಗೆ ಬರುತ್ತಿದ್ದದ್ದು ಸ್ನಾನದ್ದು, ಊಟದ್ದು, ಸಂಧ್ಯಾವಂದನೆಯದು, ಅಷ್ಟೇ. "ಸರಿ, ಒಂದು ಸಲ ನೋಡೋಣ. ಗಿರಾಕಿಗೆ ಸಮಾಧಾನ ಆಗದಿದ್ದರೆ ವಿನಾಯಕನನ್ನೇ ಕರೆಯುತ್ತೇನೆ" ಎಂದರು.

ವಿನು ದಿನಾ ಸಂಜೆ ನನಗೆ ಪಾಠ ಹೇಳಿದ. ನನ್ನ ತಲೆಯೋ ಹಳೆಯ ಕೊಪ್ಪರಿಗೆ, ಹಾಕಿದ್ದು ಸೋರುತ್ತದೆ. ಅರ್ಧ ಕಲಿಯುವಷ್ಟರಲ್ಲಿ ಬಸಪ್ಪನ ಪರೀಕ್ಷೆಯ ದಿನ ಬಂತು. ಅದೇ ದಿನ, ಅದೇ ಹೊತ್ತಿಗೆ, ಯಲ್ಲಾಪುರದ ಕಿರಾಣಿ ಅಂಗಡಿಯವರಿಗೆ ಹೊಸ ವ್ಯಾನಿನ ಡೆಲಿವರಿ. ಹಿಂದೆ ವಿನು ಕ್ಲಚ್ಚಿನ ಜೊತೆ, ಮುಂದೆ ನಾನು ಗಂಟೆಯ ಜೊತೆ.

ಕಲಿತದ್ದನ್ನು ಹೇಳಿದೆ, ಮುಗಿದೇಹೋಯಿತು. ಕುಂಕುಮ ಹಚ್ಚಿದೆ, ಹಾರ ಹಾಕಿದೆ. ಅಂಗಡಿಯವರ ತಾಯಿ, "ಮುಗೀತಾ? ನಮ್ಮ ನೆರೆಮನೆಯವರ ಕಾರಿಗೆ ಸಣ್ಣ ಭಟ್ಟರು ತುಂಬ ಹೊತ್ತು ಮಾಡಿದ್ರು" ಎಂದರು. ಮ್ಯಾನೇಜರ ಕಣ್ಣು ವರ್ಕ್‌ಶಾಪಿನ ಬಾಗಿಲ ಕಡೆ ಹೊರಳಿತು. ಹಿಂದಿನಿಂದ ಇನ್ನೂ ಪಾನದ ಟಣಟಣ ಕೇಳುತ್ತಿತ್ತು. "ಇದು ಪೂರ್ವಾಂಗ ಅಮ್ಮಾ, ಪೂಜೆ ಈಗ ಶುರು" ಎಂದೆ. ಗಂಗೆ ಯಮುನೆಯರನ್ನು ಕರೆದು ಸ್ನಾನದ ಶ್ಲೋಕ ಹೇಳಿದೆ. ಊಟಕ್ಕೆ ಕೂರುವಾಗಿನದನ್ನು ರಾಗ ಎಳೆದು ಹೇಳಿದೆ. ಬಾಯಿ ಮಂತ್ರ ಹೇಳುತ್ತಿತ್ತು, ಕಿವಿ ಹಿಂದೆ ಇತ್ತು. ಕೊನೆಗೆ ವ್ಯಾನಿನ ಮೂತಿಗೆ ಭಕ್ತಿಯಿಂದ ಹೂವಿಟ್ಟು, "ಇಂಜಿನ್ನಿಗೂ ಆಯಿತು" ಎಂದೆ.

ಅಂಗಡಿಯವರು ಮೆಲ್ಲಗೆ, "ಭಟ್ಟರೇ, ಇದರ ಇಂಜಿನ್ ಅಲ್ಲಿಲ್ಲ. ಸೀಟಿನ ಅಡಿ ಇದೆ" ಎಂದರು. ಅವರ ತಾಯಿ ಬಾಯಿಗೆ ಸೆರಗು ಹಿಡಿದರು. ಮೊಮ್ಮಗನಿಗೆ ಆರು ತಿಂಗಳು ಮೆಕ್ಯಾನಿಕ್ ಪಾಠವಾದ ಮನೆಯ ಯಜಮಾನ ನಾನು. "ಗೊತ್ತಿದೆ. ಇದು ಮುಖಪೂಜೆ. ಸೀಟು ಎತ್ತಿ, ಗರ್ಭಗುಡಿಗೆ ಬರೋಣ" ಎಂದೆ. ಸೀಟು ಎತ್ತುವುದರಲ್ಲಿ ಸ್ವಲ್ಪ ಹೊತ್ತು ಹೋಯಿತು, ಮತ್ತೆ ಮೊದಲಿನಿಂದ ಹೇಳುವುದರಲ್ಲಿ ಇನ್ನಷ್ಟು. ಆಗ ಹಿಂದೆ ಒಂದು ಇಂಜಿನ್ ಕೆಮ್ಮಿ ನಿಂತಿತು. ನನ್ನ ಕೈಯ ಗಂಟೆಯೂ ನಿಂತಿತು. ಮತ್ತೊಮ್ಮೆ ಕೆಮ್ಮಿತು. ಆಮೇಲೆ ಹೊಟ್ಟೆ ತುಂಬಿದ ಎಮ್ಮೆಯ ಹಾಗೆ ಒಂದೇ ಸಮ ಗುರುಗುಟ್ಟತೊಡಗಿತು. ನಾನು ಆ ಕ್ಷಣವೇ ಕಾಯಿ ಒಡೆದು ಮಂಗಳಾರತಿ ಎತ್ತಿದೆ. ಅಂಗಡಿಯವರ ತಾಯಿ ಕಣ್ಣು ಮುಚ್ಚಿ ಕೈ ಮುಗಿದರು. ನಾನು ಮುಗಿದದ್ದು ವರ್ಕ್‌ಶಾಪಿನ ಕಡೆ.

ಬಸಪ್ಪ ಕೈ ಒರೆಸಿಕೊಳ್ಳುತ್ತ ಮುಂದೆ ಬಂದ. "ಹುಡುಗ ಪಾಸ್ ರೀ" ಎಂದು ಮ್ಯಾನೇಜರಿಗೆ ಹೇಳಿ, ನನ್ನ ಕಡೆ ತಿರುಗಿ, "ಅಜ್ಜಾರದು ಎಲ್ಲಾ ನನಗ ಕೇಳಸ್ತಿತ್ತು. ಇವರನ್ನ ಇನ್ನೊಂದು ಆರು ತಿಂಗಳು ಟ್ರೈನಿಂಗ್‌ನಾಗ ಇಡ್ರಿ" ಎಂದ. ವಿನು ಬಾಗಿಲಲ್ಲಿ ನಿಂತಿದ್ದ, ಮೊಣಕೈವರೆಗೆ ಕಪ್ಪು. ಮನೆಗೆ ಹೋದ ಮೇಲೆ ಅವನ ಅಜ್ಜಿ ಎರಡು ಸಲ ಸೀಗೆಪುಡಿ ಹಾಕಿ ತಿಕ್ಕಿಸಿದರೂ ಹೋಗಲಿಲ್ಲ. ಅವಳು ಬೈಯುತ್ತಲೇ ಅವನ ಎಲೆಗೆ ತುಪ್ಪ ಹಾಕಿದ್ದು ಮಾತ್ರ ಬೇರೆ ದಿನಕ್ಕಿಂತ ಹೆಚ್ಚು.

ಈಗ ಡೆಲಿವರಿ ಇದ್ದ ದಿನ ನಾವಿಬ್ಬರೂ ಒಂದೇ ಬಸ್ಸಿಗೆ ಹೋಗುತ್ತೇವೆ. ಅವನದು ಹೆಸರು ಹೊಲಿದ ನೀಲಿ ಅಂಗಿ, ನನ್ನದು ಪಂಚೆ. ಶಿರಸಿ ಬರುವವರೆಗೆ ಅವನು ನನ್ನಿಂದ ಮಂತ್ರ ಒಪ್ಪಿಸಿಕೊಳ್ಳುತ್ತಾನೆ. ಪಕ್ಕದ ಸೀಟಿನವರು ಅಜ್ಜ ಎಲ್ಲಿಗೆ ಹೊರಟಿದ್ದು ಎಂದರೆ, "ಶೋರೂಮಲ್ಲಿ ಟ್ರೈನಿ. ಅಡ್ಡಿಲ್ಲೆ, ಆದ್ರೆ ಇನ್ನೂ ಕೈ ಕೂಡಿದ್ದಿಲ್ಲೆ" ಎನ್ನುತ್ತಾನೆ. ಹೊಗಳುವುದರಲ್ಲಿ ಹುಡುಗ ಬಲು ಜಿಪುಣ. ಆ ಗುಣ ಖಂಡಿತ ಅವನ ಅಜ್ಜಿಯ ಕಡೆಯದು.