ನನಗೆ ಸಿಕ್ಕ ಹೆಣದ ಪಾರ್ಟು

ಹಾಡಲು ಬರುವುದಿಲ್ಲವೆಂದು ಒಪ್ಪಿಕೊಳ್ಳುವವರನ್ನು ಎಷ್ಟು ಬೇಕಾದರೂ ತೋರಿಸಬಹುದು. ಈಜು ಬರುವುದಿಲ್ಲ, ಅಡುಗೆ ಬರುವುದಿಲ್ಲ, ಕಾರನ್ನು ಹಿಂದಕ್ಕೆ ತೆಗೆಯಲು ಬರುವುದಿಲ್ಲ ಎಂದು ಜನ ನಾಲ್ವರ ಎದುರು ಹೇಳಿಕೊಂಡು ಆರಾಮಾಗಿರುತ್ತಾರೆ. ಆದರೆ ‘ನನಗೆ ನಗಿಸಲು ಬರುವುದಿಲ್ಲ’ ಎಂದು ಒಪ್ಪಿಕೊಂಡ ಗಂಡಸನ್ನು ನಾನು ಈವರೆಗೆ ಕಂಡಿಲ್ಲ. ಮದುವೆಮನೆಯ ಪಂಕ್ತಿಯಲ್ಲಿ, ಮೆಟ್ರೋದಲ್ಲಿ, ಕಡೆಗೆ ಸಾವಿನ ಮನೆಯ ಜಗಲಿಯಲ್ಲಿ ಕೂಡ ಪ್ರತಿಯೊಬ್ಬನೂ ತಾನು ಭಾರಿ ತಮಾಷೆಯ ಮನುಷ್ಯನೆಂದೇ ತಿಳಿದಿರುತ್ತಾನೆ. ಆ ಕೊರತೆ ತುಂಬಲು ನಾನೇ ಮುಂದೆ ಬಂದು ಹೇಳುತ್ತಿದ್ದೇನೆ, ನನಗೆ ಜೋಕು ಹೇಳಲು ಬರುವುದಿಲ್ಲ. ಬುದ್ಧಿ ಕಡಿಮೆಯೆಂದಲ್ಲ, ಅಥವಾ ಹಾಗೆಂದು ನಾನು ನಂಬಿಕೊಂಡಿದ್ದೇನೆ. ಜೋಕಿನ ಕೊನೆ ನನಗೆ ಮೊದಲೇ ಗೊತ್ತಿರುತ್ತದಲ್ಲ, ಹಾಗಾಗಿ ಅರ್ಧ ದಾರಿಯಲ್ಲೇ ನಗು ಬಂದುಬಿಡುತ್ತದೆ. ಕೇಳುವವರು ಮುಂದೇನಾಯಿತೆಂದು ಕಾಯುತ್ತಾರೆ. ನಾನು ನಕ್ಕು, ಕೆಮ್ಮಿ, ಕಣ್ಣೊರೆಸಿಕೊಂಡು ಕೊನೆ ಹೇಳುವ ಹೊತ್ತಿಗೆ ಅವರು ಮೊಬೈಲು ನೋಡುತ್ತಿರುತ್ತಾರೆ.

ಹೊರಗಿನವರು ನಗದಿದ್ದರೆ ಹಾಳಾಗಿ ಹೋಗಲಿ. ನನ್ನ ಚಿಂತೆಯೆಲ್ಲ ನನ್ನ ಹೆಂಡತಿ ಗಿರಿಜೆಯದು. ಅವಳು ದಾವಣಗೆರೆಯವಳು, ನಗು ಬಂದರೆ ತಡೆದುಕೊಳ್ಳುವ ಪೈಕಿಯಲ್ಲ. ಸೊಪ್ಪಿನವಳ ಮಾತಿಗೆ ನಗುತ್ತಾಳೆ, ನನ್ನ ತಮ್ಮನ ಮಾತಿಗೆ ನಗುತ್ತಾಳೆ, ನಮ್ಮ ಬಾಗಲಗುಂಟೆಯ ಗ್ಯಾಸ್ ಸಿಲಿಂಡರಿನವನ ಮಾತಿಗಂತೂ ಬಾಗಿಲು ಹಿಡಿದುಕೊಂಡು ನಗುತ್ತಾಳೆ. ನನ್ನ ಮಾತಿಗೆ ಮಾತ್ರ ಇಲ್ಲ. ಹೆಣ್ಣು ನೋಡಲು ಹೋದಾಗ ‘ಏನು ಓದ್ತೀರಿ?’ ಎಂದು ಕೇಳಿದ್ದಳು. ‘ಮೇಷ್ಟ್ರ ನಾಟಕ’ ಎಂದೆ. ಹಿರಿಯರೆಲ್ಲ ತಿರುಗಿ ನೋಡುವಂತೆ ನಕ್ಕಳು. ನಾನು ಗೆದ್ದೆನೆಂದುಕೊಂಡು ಎರಡು ಕೇಸರಿಬಾತ್ ಜಾಸ್ತಿ ತಿಂದೆ. ಮದುವೆಯಾದ ಮೇಲೆ ವಿಷಯ ಹೊರಬಿತ್ತು. ‘ಮೇಷ್ಟ್ರ ಹೆಸರು ಕೇಳ್ತಿದ್ದಂಗೆ ಅವರ ಒಂದು ಮಾತು ನೆನಪಾತು, ಅದಕ್ಕೆ ನಕ್ಕೆ. ನಿಮಗಲ್ಲ ರೀ’ ಎಂದಳು. ಅಂದಿನಿಂದ ನನಗೆ ಇರುವುದು ಒಂದೇ ಆಸೆ, ಈ ಹೆಂಗಸನ್ನು ಒಮ್ಮೆಯಾದರೂ ನನ್ನ ಬಾಯಿಂದ ಬಂದ ಮಾತಿಗೆ ನಗಿಸಬೇಕು.

ಮೇಷ್ಟ್ರು ಎಂದರೆ ನಮಗೆ ಪಾಠ ಹೇಳಿದವರಲ್ಲ. ನಾಟಕ, ನಗೆಬರಹ ಬರೆದು, ಕೆಲವು ವರ್ಷಗಳ ಹಿಂದೆ ತೀರಿಕೊಂಡವರು. ಹೆಸರು ಹೇಳುವುದಿಲ್ಲ, ಹೇಳಿದರೆ ನೀವೂ ಗಿರಿಜೆಯ ಹಾಗೆ ಶುರುಮಾಡುತ್ತೀರಿ, ನನ್ನ ಕಥೆ ನಿಂತುಹೋಗುತ್ತದೆ. ಅವರು ರಂಗದ ಮೇಲೆ ಯಾರನ್ನೂ ಬಿಟ್ಟವರಲ್ಲ. ಮಂತ್ರಿ, ಸ್ವಾಮಿ, ಸಾಹಿತಿ, ಎಲ್ಲರಿಗೂ ಒಂದೊಂದು ಏಟು. ಒಂದು ನಾಟಕದಲ್ಲಿ ದೇವರೇ ತನ್ನ ಗುಡಿ ನೋಡಲು ಬಂದು ಸಾಲಿನಲ್ಲಿ ನಿಲ್ಲುತ್ತಾನೆ. ಗರ್ಭಗುಡಿಯ ಮುಂದೆ ಬಂದು ಇನ್ನೇನು ತನ್ನನ್ನು ತಾನು ನೋಡಬೇಕು, ಅಷ್ಟರಲ್ಲಿ ಸ್ವಯಂಸೇವಕ ‘ಮುಂದೆ ನಡೀರಿ’ ಎಂದು ಬೆನ್ನಿಗೆ ಕೈಹಾಕಿ ತಳ್ಳಿಬಿಡುತ್ತಾನೆ.

ನಾನು ಪೀಣ್ಯದ ಒಂದು ವಾಲ್ವ್ ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುವವನು. ಭಾನುವಾರ ಬೆಳಿಗ್ಗೆ ಮೇಷ್ಟ್ರ ಅಭಿಮಾನಿಗಳಾದ ನಾವು ಕೆಲವರು ಬಾಗಲಗುಂಟೆಯ ಒಂದು ಟೀ ಅಂಗಡಿಯ ಮೇಲಿನ ಕೋಣೆಯಲ್ಲಿ ಸೇರುತ್ತೇವೆ. ಅಲ್ಲಿ ಯಾರೂ ಪೂರ್ತಿ ಜೋಕು ಹೇಳುವುದಿಲ್ಲ. ಒಬ್ಬ ಸುಮ್ಮನೆ ‘ಮುಂದೆ ನಡೀರಿ’ ಎಂದರೆ ಸಾಕು, ಉಳಿದವರು ಕುರ್ಚಿಯಿಂದ ಜಾರುತ್ತಾರೆ. ಟೀ ತರುವ ಅಣ್ಣ ಒಮ್ಮೆ ಕೇಳಿಯೇಬಿಟ್ಟ, ‘ಸಾರ್, ಮುಂದೆ ನಡೀರಿ ಅಂದ್ರೆ ಯಾರೂ ಎದ್ದು ಹೋಗ್ತಾನೇ ಇಲ್ವಲ್ಲ, ಯಾಕೆ?’ ಅರ್ಧ ಹೇಳಿ ನಗುವ ನನ್ನ ರೋಗ ಆ ಕೋಣೆಯಲ್ಲಿ ರೋಗವೇ ಅಲ್ಲ. ಅಲ್ಲಿ ನಾನು ಎಲ್ಲರಿಗೂ ಸಮ. ನಮ್ಮಲ್ಲಿ ಹಿರಿಯರು ಪಂಚಾಕ್ಷರಪ್ಪನವರು. ಮೇಷ್ಟ್ರೇ ನಿಂತು ಆಡಿಸಿದ ನಾಟಕಗಳನ್ನು ಕಣ್ಣಾರೆ ಕಂಡವರು ಅವರೊಬ್ಬರೇ. ಮೇಷ್ಟ್ರ ವಿಷಯದಲ್ಲಿ ಏನೇ ತಕರಾರು ಬಂದರೂ ಅವರು ಹೇಳಿದ್ದೇ ಕೊನೆ.

ಈ ವರ್ಷ ಮೇಷ್ಟ್ರ ನೆನಪಿಗೆ ಅವರದೇ ನಾಟಕ ಆಡೋಣವೆಂದು ತೀರ್ಮಾನವಾಯಿತು. ದೀಪ, ಹಾರ, ಶಾಲು ಯಾವುದೂ ಬೇಡ, ಅವನ್ನೆಲ್ಲ ಅವರು ಮೊದಲೇ ಗೇಲಿಮಾಡಿ ಮುಗಿಸಿದ್ದರು. ಆರಿಸಿದ್ದು ಶ್ರದ್ಧಾಂಜಲಿ ಸಭೆಯ ನಾಟಕ. ಬೀದಿಯವರೆಲ್ಲರ ಜೊತೆ ಜಗಳವಾಡಿ ಸತ್ತ ದೊಡ್ಡಮನುಷ್ಯನೊಬ್ಬನ ಹೆಣವನ್ನು ನಡುವೆ ಮಲಗಿಸಿಕೊಂಡು, ಅದೇ ಬೀದಿಯವರು ಒಬ್ಬೊಬ್ಬರಾಗಿ ಎದ್ದು ಹೊಗಳುತ್ತಾರೆ. ಹೊಗಳಿಕೆಗಳಲ್ಲಿ ಅಧ್ಯಕ್ಷನ ಭಾಷಣ ಭಯಂಕರವಾದದ್ದು. ಆ ಪಾರ್ಟು ನನಗೇ ಬೇಕೆಂದು ಎದ್ದು ನಿಂತು ಓದಿದೆ. ಎರಡನೇ ವಾಕ್ಯಕ್ಕೇ ನಗು ತಡೆಯದೆ ಕೂತುಬಿಟ್ಟೆ. ನಾಟಕ ಆಡಿಸುವ ಹೊಣೆ ಹೊತ್ತವನು ನಾಗರಾಜ, ನಮ್ಮ ಕಾರ್ಖಾನೆಯ ಟೂಲ್‌ರೂಮಿನ ಫೋರ್‌ಮನ್. ಅವನು ನನ್ನ ಹೆಗಲ ಮೇಲೆ ಕೈಯಿಟ್ಟು, ‘ಗುರು, ನಿಂಗೆ ಬೇರೆ ಪಾರ್ಟ್ ಇಟ್ಟಿದೀನಿ. ಶುರುವಿಂದ ಕೊನೇವರ್ಗೂ ಸ್ಟೇಜ್ ಮೇಲೇ ಇರ್ತೀಯ. ಒಂದೂ ಡೈಲಾಗ್ ಇಲ್ಲ’ ಎಂದ.

ಮನೆಗೆ ಹೋಗಿ, ಇಡೀ ನಾಟಕ ನನ್ನ ಸುತ್ತಲೇ ನಡೆಯುತ್ತದೆ ಎಂದೆ. ಅದು ಸುಳ್ಳೇನಲ್ಲ. ಯಾವ ಪಾರ್ಟು ಎಂದು ಗಿರಿಜೆ ಕೇಳಿದಳು. ಹೆಣದ್ದು ಎಂದೆ. ಆಗಲಾದರೂ ನಗುತ್ತಾಳೆಂದು ಕಾದೆ. ‘ಹಳೇ ಪಂಚೆ ಸಾಕಾ, ಹೊಸಾದು ತೆಗೀಬೇಕಾ?’ ಎಂದು ಕೇಳಿ ಒಳಗೆ ಹೋದಳು.

ಅಧ್ಯಕ್ಷನ ಪಾರ್ಟು ಕಾರ್ತಿಕನಿಗೆ ಹೋಯಿತು. ಕುಂದಲಹಳ್ಳಿಯಿಂದ ಅಷ್ಟು ದೂರ ಮೆಟ್ರೋ ಹತ್ತಿ ಬರುವ ಸಾಫ್ಟ್‌ವೇರಿನ ಹುಡುಗ, ದನಿ ಚೆನ್ನಾಗಿದೆ. ಆದರೆ ಮಾತೆಲ್ಲ ಅವನ ಫೋನಿನಲ್ಲಿ, ತಲೆಯಲ್ಲಿ ಒಂದೂ ಇಲ್ಲ. ಕೇಳಿದರೆ ‘ಶೋ ದಿನ ತಾನಾಗೇ ಬಂದ್ಬಿಡುತ್ತೆ ಸಾರ್’ ಎನ್ನುತ್ತಿದ್ದ. ತಾಲೀಮಿನಲ್ಲಿ ಅವನು ಎಡವಿದಲ್ಲೆಲ್ಲ ಮತ್ತೆ ಮೊದಲಿಂದ ಶುರು, ನಾನು ಮತ್ತೆ ಸಾಯಬೇಕು. ನನ್ನ ಕಷ್ಟವೂ ಅಷ್ಟೇ ಇತ್ತು. ಯಾರು ಯಾವ ಮಾತಾಡಿದರೂ ಅದರ ಮುಂದಿನ ಮಾತು ನನಗೆ ಗೊತ್ತು, ಬಿಳಿ ಬಟ್ಟೆಯ ಕೆಳಗೆ ಹೊಟ್ಟೆ ಕುಣಿಯತೊಡಗುತ್ತಿತ್ತು. ವರ್ಷದ ಕೊನೆಯ ಸ್ಟಾಕ್ ತಪಾಸಣೆಯನ್ನು ನೆನೆಸಿಕೊಂಡು ನೋಡಿದೆ, ಆಗಲೂ ನಗು ನಿಲ್ಲಲಿಲ್ಲ. ನಾಗರಾಜನಿಗೆ ರೇಗಿಹೋಯಿತು. ‘ಸತ್ತೋನು ನಗಲ್ಲ ಕಣೋ. ಇನ್ನೊಂದ್ಸಲ ನಕ್ರೆ ನಿನ್ನ ಜಾಗದಲ್ಲಿ ಎರಡು ದಿಂಬು ಮಲಗಿಸ್ತೀನಿ’ ಎಂದ. ಮನುಷ್ಯ ಎಷ್ಟೇ ಕೆಳಗಿಳಿದರೂ ದಿಂಬಿಗೆ ಪಾರ್ಟು ಬಿಟ್ಟುಕೊಡಲು ಒಪ್ಪುವುದಿಲ್ಲ. ಕಡೆಗೆ ಅವನೇ ಉಪಾಯ ಹುಡುಕಿದ. ಹೆಣದ ಮೂಗಿಗೆ ಹೇಗೂ ಹತ್ತಿ ಇಡುತ್ತೇವೆ, ಕಿವಿಗೂ ಗಟ್ಟಿಯಾಗಿ ತುರುಕಿಬಿಟ್ಟರೆ ಮಾತೂ ಕೇಳಿಸುವುದಿಲ್ಲ, ನಗುವೂ ಬರುವುದಿಲ್ಲ. ಮಾಡಿ ನೋಡಿದೆವು, ಒಳ್ಳೆಯ ಹೆಣವಾದೆ.

ನಾಟಕದ ಸಂಜೆ ನಮ್ಮ ಬಡಾವಣೆಯ ಸಮುದಾಯ ಭವನ ತುಂಬಿತ್ತು. ಮುಂದಿನ ಸಾಲಿನಲ್ಲಿ ಪಂಚಾಕ್ಷರಪ್ಪನವರು, ಅವರ ಪಕ್ಕ ಗಿರಿಜೆ. ನನ್ನನ್ನು ಬೆಂಚಿನ ಮೇಲೆ ಮಲಗಿಸಿ, ಕುತ್ತಿಗೆಯವರೆಗೆ ಬಟ್ಟೆ ಹೊದಿಸಿದ್ದರು. ಅಧ್ಯಕ್ಷರ ಮೈಕು ಸರಿಯಾಗಿ ನನ್ನ ತಲೆಯ ಹತ್ತಿರ. ಕಿವಿಯಲ್ಲಿ ಹತ್ತಿ ಇದ್ದದ್ದರಿಂದ ಲೋಕವೆಲ್ಲ ನಿಶ್ಶಬ್ದ, ನಾನು ಮನಸ್ಸಿನಲ್ಲೇ ಎಲ್ಲರ ಮಾತನ್ನೂ ಹೇಳಿಕೊಳ್ಳುತ್ತ ಮಲಗಿದ್ದೆ. ಕಾರ್ತಿಕನ ಭಾಷಣ ಅರ್ಧಕ್ಕೆ ಬಂದಿರಬೇಕೆಂದು ಅಂದಾಜು ಮಾಡಿ ಕಣ್ಣನ್ನು ಕೂದಲೆಳೆಯಷ್ಟು ತೆರೆದರೆ, ಅವನ ಬಾಯಿ ತೆರೆದೇ ಇದೆ, ತುಟಿ ಅಲುಗುತ್ತಿಲ್ಲ. ಕೈ ಜೇಬಿನ ಕಡೆ ಹೋಗುತ್ತಿದೆ. ಅಧ್ಯಕ್ಷನ ಜರಿ ಪಂಚೆಗೆ ಜೇಬೆಲ್ಲಿಂದ ಬರಬೇಕು?

ಮುಂದಿನ ಮಾತು ‘ಯಾರಿಗೂ ಕೇಡು ಬಯಸಿದವರಲ್ಲ.’ ಮೇಷ್ಟ್ರ ನಾಟಕ ಹಾಳಾಗುತ್ತದಲ್ಲ ಎಂಬ ಸಂಕಟಕ್ಕೆ ಅದನ್ನು ಪಿಸುಗುಟ್ಟಿದೆ. ಪಿಸುಗುಟ್ಟಿದೆ ಎಂದು ನಾನು ತಿಳಿದಿದ್ದೆ. ಕಿವಿ ಮುಚ್ಚಿಕೊಂಡವನಿಗೆ ತನ್ನ ದನಿಯ ಅಳತೆ ತಿಳಿಯುವುದಿಲ್ಲ, ಪಕ್ಕದಲ್ಲಿ ಮೈಕು ಬೇರೆ. ಸತ್ತವನು ಸ್ಪಷ್ಟವಾಗಿ, ಇಡೀ ಭವನಕ್ಕೆ ಕೇಳುವಂತೆ, ತನ್ನ ಗುಣಗಾನ ತಾನೇ ಹೇಳಿಕೊಟ್ಟಿದ್ದ. ಕಾರ್ತಿಕ ಬೆಚ್ಚಿಬಿದ್ದು, ನನ್ನ ಕಡೆ ಬಗ್ಗಿ ‘ಏನಂದ್ರಿ?’ ಎಂದದ್ದು ತುಟಿ ನೋಡಿ ತಿಳಿಯಿತು. ಅಷ್ಟು ದಿನದ ತಾಲೀಮಿನ ಸಿಟ್ಟು ಒಮ್ಮೆಗೇ ನೆತ್ತಿಗೇರಿತು. ‘ನಿನಗೆ ಬಾಯಿಪಾಠ ಆಗೋಕೆ ನಾನು ಇನ್ನೂ ಎಷ್ಟು ಸಲ ಸಾಯ್ಲಿ?’ ಎಂದೆ.

ನಗು ನನಗೆ ಕೇಳಿಸಲಿಲ್ಲ, ಕಾಣಿಸಿತು. ರೆಪ್ಪೆಯ ಸಂದಿನಲ್ಲಿ ನೋಡಿದರೆ ಮುಂದಿನ ಸಾಲುಗಳೆಲ್ಲ ಅಲುಗಾಡುತ್ತಿವೆ. ಪಂಚಾಕ್ಷರಪ್ಪನವರು ಕನ್ನಡಕ ತೆಗೆದಿದ್ದಾರೆ. ಗಿರಿಜೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಮುಂದಕ್ಕೆ ಬಾಗಿದ್ದಾಳೆ, ಭುಜ ಕುಲುಕುತ್ತಿದೆ. ನಾನು ಏನೋ ಅನಾಹುತ ಮಾಡಿದೆನೆಂದು ಹೆದರಿ, ಕಣ್ಣು ಮುಚ್ಚಿ, ಅಲ್ಲಿಂದ ಮುಂದೆ ಪಕ್ಕಾ ಹೆಣವಾಗಿಯೇ ಇದ್ದೆ. ಪರದೆ ಬಿದ್ದ ಮೇಲೆ ನಾಗರಾಜ ಹತ್ತಿ ಕಿತ್ತು, ಭವನವೆಲ್ಲ ನಕ್ಕದ್ದು ನನ್ನ ಮಾತಿಗೇ ಎಂದು ಹೇಳಿದಾಗ ನನಗೆ ಅಳುವಷ್ಟು ಸಂತೋಷವಾಯಿತು.

ಅಷ್ಟರಲ್ಲಿ ಪಂಚಾಕ್ಷರಪ್ಪನವರು ಒಳಗೆ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ‘ಆ ಮಾತು ಎಲ್ಲಿಂದ ಹುಡುಕಿದ್ರಿ? ಪುಸ್ತಕದಲ್ಲಿ ಹಾಕಿಲ್ಲ ಅದನ್ನ. ಮೇಷ್ಟ್ರು ಆಡಿಸ್ವಾಗ ಹೆಣ ಹಿಂಗೇ ಮಲಗಿದಲ್ಲೇ ಮಾತಾಡ್ತಿತ್ತು. ಇವತ್ತು ಅವರ ದನಿ ಮತ್ತೆ ಕೇಳ್ದಂಗಾತು’ ಎಂದರು. ‘ಅಲ್ಲ ಸಾರ್, ಅದು...’ ಎಂದೆ. ಅವರ ಕಣ್ಣಲ್ಲಿ ನೀರಿತ್ತು. ಸುತ್ತ ನಿಂತವರೆಲ್ಲ ತಲೆದೂಗಿದರು. ಹೌದು, ಧಾಟಿ ಕೇಳಿದರೇ ಗೊತ್ತಾಗುತ್ತದೆ, ಇನ್ನಾರು ಬರೆದಾರು ಎಂದರು. ಯಾವನ ಮರೆವಿನಿಂದ ಆ ಮಾತು ಹುಟ್ಟಿತೋ ಆ ಕಾರ್ತಿಕ ಕೂಡ, ‘ಮೇಷ್ಟ್ರು ಲೆಜೆಂಡ್ ಸಾರ್’ ಎಂದ. ಮೇಷ್ಟ್ರ ಮೇಲೆ ನನಗೆ ಹೊಟ್ಟೆಕಿಚ್ಚಾದದ್ದು ಅದೇ ಮೊದಲು.

ಸ್ಕೂಟರಿನಲ್ಲಿ ಮನೆಗೆ ಹೊರಟರೆ ಹಿಂದೆ ಕೂತ ಗಿರಿಜೆ ಇನ್ನೂ ನಗುತ್ತಿದ್ದಳು. ‘ಎಷ್ಟು ಸಲ ಸಾಯ್ಲಿ ಅಂತೆ... ಮೇಷ್ಟ್ರು ಮೇಷ್ಟ್ರೇ ಬಿಡ್ರಿ’ ಎಂದಳು. ಊರೆಲ್ಲ ಏನಾದರೂ ಅಂದುಕೊಳ್ಳಲಿ, ಇವಳೊಬ್ಬಳಿಗೆ ಸತ್ಯ ತಿಳಿಯಲೇಬೇಕು ಎನಿಸಿತು. ಲಾರಿಗಳು ಸಾಲಾಗಿ ನಿಂತಿದ್ದ ಕಡೆ ಸ್ಕೂಟರ್ ನಿಲ್ಲಿಸಿ, ಅವಳನ್ನು ಇಳಿಸಿ, ಎದುರಿಗೆ ನಿಂತು ಗಂಭೀರವಾಗಿ ಹೇಳಿದೆ. ‘ನೋಡು, ಆ ಮಾತು ಮೇಷ್ಟ್ರದ್ದಲ್ಲ. ಕಾರ್ತಿಕ ಮರೆತ, ನನಗೆ ಸಿಟ್ಟು ಬಂತು. ಅದು ನನ್ನ ಸ್ವಂತ ಜೋಕು.’

ಗಿರಿಜೆ ನನ್ನ ಮುಖವನ್ನೇ ನೋಡಿದಳು. ಆಮೇಲೆ ನಕ್ಕಳು ನೋಡಿ, ಭವನದಲ್ಲಿ ನಕ್ಕದ್ದು ಅದರ ಮುಂದೆ ಏನೂ ಅಲ್ಲ. ಲಾರಿಯ ಹಿಂಬದಿಯ ಸರಪಳಿ ಹಿಡಿದು ನಿಂತು ನಕ್ಕಳು, ಮಲಗಿದ್ದ ಕ್ಲೀನರ್ ಎದ್ದು ಇಣುಕಿ ನೋಡಿದ. ‘ಮೇಷ್ಟ್ರ ಮಾತು ನಿಮ್ದಂತೆ! ಸಾಕು ಮಾಡ್ರಿ, ಹೊಟ್ಟೆ ನೋಯ್ತದೆ. ಇಷ್ಟು ಚೆಂದ ನಗಿಸ್ತೀರಿ ಅಂತ ನನಗೆ ಗೊತ್ತೇ ಇರ್ಲಿಲ್ಲ’ ಎಂದಳು. ಇನ್ನೊಂದು ಮಾತು ಸೇರಿಸಿ ಕೆಡಿಸುವುದು ಬೇಡವೆಂದು ನಾನು ಸ್ಕೂಟರ್ ಸ್ಟಾರ್ಟ್ ಮಾಡಿದೆ.